ಸಂಜೆ ಐದಕ್ಕೆ ಚಿಂತೆ

ಬಾಳೆಹಣ್ಣು ತಿನ್ನುವಾಗ ನನ್ನ ದವಡೆ ಹಲ್ಲು ಮುರಿಯಿತು. ಕಬ್ಬೋ ಚಕ್ಕುಲಿಯೋ ಆಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸ್ವಲ್ಪವಾದರೂ ಮರ್ಯಾದೆ ಇರುತ್ತಿತ್ತು. ರಾಣೆಬೆನ್ನೂರಿನ ಹಲ್ಲಿನ ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿದರು.

"ಇದನ್ನ ಬಾಳೆಹಣ್ಣು ಮುರದಿಲ್ರಿ, ನೀವ ಮುರದೀರಿ. ನಿದ್ದಿಯೊಳಗ ಹಲ್ಲು ಕಡೀತೀರೇನು?"

"ಛೇ, ಇಲ್ರಿ" ಎಂದೆ.

ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಕಡೀತಾರ್ರಿ ಡಾಕ್ಟ್ರ. ಆ ಸಪ್ಪಳ ಕೇಳಿ, ಇಲಿ ಕಪಾಟು ಕೊರ್ಯಾಕತ್ತಾವು ಅಂತ ತಿಳಕೊಂಡು ನಾ ಮಂಚದ ಬುಡಕ ಬೋನು ಇಟ್ಟಿದ್ದೆ."

"ಇಲಿ ಬಿತ್ತೇನ್ರಿ?"

"ಇಲ್ರಿ. ಮುಂಜಾನೆ ಎದ್ದ ಕೂಡ್ಲೆ ಇವರ ಕಾಲಿನ ಹೆಬ್ಬಟ್ಟು ಬಿತ್ತು."

ಡಾಕ್ಟರು ನಗುವುದನ್ನು ಮುಗಿಸಿದ ಮೇಲೆ ಹಲ್ಲಿಗೆ ಕ್ಯಾಪ್ ಹಾಕುವುದಾಗಿ ಹೇಳಿದರು. "ಆದ್ರ ತಲಿಯೊಳಗಿನ ಟೆನ್ಶನ್ನಿಗೆ ಹಾಕೋ ಕ್ಯಾಪ್ ನನ್ನ ಕಡೆ ಇಲ್ರಿ. ಹಾವೇರಿಯೊಳಗ ಕೌನ್ಸೆಲಿಂಗ್ ಮಾಡೋ ಮೇಡಂ ಒಬ್ರು ಅದಾರ. ನಾಚಿಕಿ ಬಿಟ್ಟು ಹೋಗಿ ಬರ್ರಿ" ಎಂದರು.

ನಾನು ರಾಣೆಬೆನ್ನೂರಿನ ಒಂದು ಕಲ್ಯಾಣ ಮಂಟಪದ ಮ್ಯಾನೇಜರ್. ಊರಿನ ಅರ್ಧ ಜನರ ಮದುವೆ ನನ್ನ ಕಣ್ಣ ಮುಂದೆಯೇ ಆಗಿದೆ, ಆದರೆ ಒಂದರಲ್ಲೂ ನಾನು ಕುಳಿತು ಊಟ ಮಾಡಿದ್ದು ನೆನಪಿಲ್ಲ. ನೀರಿನ ಟ್ಯಾಂಕ್ ತುಂಬಿತೇ, ಜನರೇಟರಿಗೆ ಡೀಸೆಲ್ ಇದೆಯೇ, ಬೀಗರಿಗೆ ಕೊಟ್ಟ ಕೋಣೆಯಲ್ಲಿ ಬಿಸಿನೀರು ಬರುತ್ತಿದೆಯೇ ಎಂದು ಓಡಾಡುತ್ತಲೇ ವರ್ಷಗಳು ಕಳೆದಿವೆ. ಮದುವೆ ಇಲ್ಲದ ಆಷಾಢದಲ್ಲಿ ನೆಮ್ಮದಿಯಿಂದ ಇರಬಹುದಲ್ಲ ಎಂದು ಕೇಳಬೇಡಿ. ಆಗ ಶ್ರಾವಣದ ಚಿಂತೆ ಇರುತ್ತದೆ. ಬೇರೆಯವರ ಮನೆಗೆ ನಾಮಕರಣಕ್ಕೆ ಹೋದರೂ ಬಾಗಿಲಲ್ಲಿ ಬಿದ್ದ ಚಪ್ಪಲಿಗಳನ್ನು ಜೋಡಿಸಿಟ್ಟೇ ಒಳಗೆ ಹೋಗುವವನು ನಾನು. ಇದನ್ನು ಶಿಸ್ತು ಎಂದುಕೊಂಡಿದ್ದೆ. ಹೊಟ್ಟೆ ಉರಿಯನ್ನು ಆ್ಯಸಿಡಿಟಿ ಎಂದೂ, ಬಿಗಿದ ಹೆಗಲನ್ನು ದಿಂಬಿನ ತಪ್ಪು ಎಂದೂ ಹೇಳಿಕೊಂಡು ಮೂರು ಸಲ ದಿಂಬು ಬದಲಿಸಿದ್ದೆ.

ಹಾವೇರಿ ದೂರವೇನಲ್ಲ, ಬಸ್ಸುಗಳಿಗೂ ಬರವಿಲ್ಲ. ಆದರೆ ಮೊದಲ ದಿನ ಬಸ್ಸು ಹತ್ತುವಾಗ ಕಳ್ಳನಂತೆ ಹತ್ತಿದೆ. ಪರಿಚಯದ ಬಟ್ಟೆ ಅಂಗಡಿಯವರೊಬ್ಬರು "ಎಲ್ಲಿಗೆ ಹೊಂಟೀರಿ?" ಎಂದು ಕೇಳಿದರು. "ಕಾಗಿನೆಲೆಗೆ" ಎಂದುಬಿಟ್ಟೆ. ಅವರೂ ಕಾಗಿನೆಲೆಗೇ ಹೊರಟಿದ್ದರು. ಹಾವೇರಿಯಲ್ಲಿ ಇಳಿದ ಮೇಲೆ ಅವರಿಂದ ತಪ್ಪಿಸಿಕೊಳ್ಳಲು ನಾನು ಪಟ್ಟ ಪಾಡಿಗೇ ಬೇರೆ ಕೌನ್ಸೆಲಿಂಗ್ ಬೇಕಿತ್ತು.

ಮೇಡಂ ನನಗಿಂತ ಬಹಳ ಚಿಕ್ಕವರು. ಗೋಡೆಯ ಮೇಲೆ ಒಂದು ಗಡಿಯಾರ, ಮೇಜಿನ ಮೇಲೆ ಒಂದು ಪುಟ್ಟ ಗಿಡ. ಗಡಿಯಾರ ಓರೆಯಾಗಿತ್ತು. ಅವರು ಒಳಗೆ ಬರುವಷ್ಟರಲ್ಲಿ ನಾನು ಅದನ್ನು ಸರಿಮಾಡುತ್ತ ನಿಂತಿದ್ದೆ.

"ಕುಂದ್ರಿ ಸರ್. ಕೆಲಸ ಇಲ್ಲದಾಗ ಏನ ಮಾಡ್ತೀರಿ?"

"ಏನರ ಕೆಲಸ ಐತೇನು ಅಂತ ನೋಡ್ತೇನ್ರಿ."

ಅವರು ನಗಲಿಲ್ಲ. ಅಲ್ಲೇ ನನಗೆ ಭಯವಾಯಿತು. ಮೂಗಿನಿಂದ ನಿಧಾನವಾಗಿ ಉಸಿರು ತೆಗೆದುಕೊಂಡು, ಬಾಯಿಂದ ಇನ್ನೂ ನಿಧಾನವಾಗಿ ಬಿಡಲು ಹೇಳಿಕೊಟ್ಟರು. ನಾನು ಚಕಚಕನೆ ಮಾಡಿ, "ಮುಗೀತ್ರಿ ಮೇಡಂ, ಮುಂದ?" ಎಂದೆ.

"ಇದು ಮುಗಸೋ ಕೆಲಸ ಅಲ್ರಿ ಸರ್."

ಮುಗಿಸಬೇಕಿಲ್ಲದ ಕೆಲಸವೂ ಜಗತ್ತಿನಲ್ಲಿ ಇರುತ್ತದೆ ಎಂಬುದು ನನಗೆ ಹೊಸ ಸುದ್ದಿ.

ಮುಂದಿನ ಭೇಟಿಯಲ್ಲಿ ಅವರು ಇನ್ನೊಂದು ಉಪಾಯ ಹೇಳಿದರು. ಇಡೀ ದಿನ ಚಿಂತೆ ಮಾಡುವ ಬದಲು ಸಂಜೆ ಐದಕ್ಕೆ ಅರ್ಧ ತಾಸು ಅದಕ್ಕೆಂದೇ ಎತ್ತಿಡಬೇಕು. ಬೇರೆ ಹೊತ್ತಿನಲ್ಲಿ ಚಿಂತೆ ಬಂದರೆ "ಸಂಜೆ ಬಾ" ಎಂದು ಕಳಿಸಿಬಿಡಬೇಕು. ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಪದ್ಧತಿ! ಮನೆಯ ಮಾಳಿಗೆಯ ಮೇಲೆ ಕುರ್ಚಿ ಹಾಕಿ, ಒರೆಸಿ, ಐದಕ್ಕೆ ಸರಿಯಾಗಿ ಹೋಗಿ ಕುಳಿತೆ. ಚಿಂತೆ ಬರಲಿಲ್ಲ. ಎದುರಿನ ತಂತಿಯ ಮೇಲೆ ಗಿಳಿಗಳು ಕೂತಿದ್ದವು. ಐದೂ ಹತ್ತಾಯಿತು, ಆಗಲೂ ಇಲ್ಲ. ಚಿಂತೆಯೇ ಬರುತ್ತಿಲ್ಲವಲ್ಲ, ನಾನು ತಪ್ಪು ಮಾಡುತ್ತಿದ್ದೇನೇನೋ, ಮೇಡಂಗೆ ಏನು ಹೇಳಲಿ ಎಂದು ಎದೆ ಹೊಡೆದುಕೊಳ್ಳತೊಡಗಿತು. ಅಷ್ಟರಲ್ಲಿ ಕೆಳಗಿನಿಂದ ಹೆಂಡತಿ ಕೂಗಿದಳು.

"ರೀ, ಚಿಂತಿ ಮುಗೀತೇನ್ರಿ? ಚಹಾ ಆರಾಕತ್ತೈತಿ!"

ಪಕ್ಕದ ಮನೆಯವರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಇಷ್ಟು ದಿನ ಗುಟ್ಟಾಗಿ ಇಟ್ಟದ್ದು ಒಂದು ಕಪ್ ಚಹಾಕ್ಕೆ ಬಯಲಾಯಿತು.

ಅದಾಗಿ ಕೆಲವು ವಾರ ಕಳೆದ ಮೇಲಿನ ಮಾತು. ಹಾವೇರಿಯ ಆ ಕ್ಲಿನಿಕ್ಕಿನಲ್ಲಿ ನನ್ನ ಸರದಿಗೆ ಕಾಯುತ್ತ ಕುಳಿತಿದ್ದೆ. ಎದುರಿನ ಬೆಂಚಿನ ಮೇಲೆ ಒಬ್ಬರು ಫೋನನ್ನು ಕಿವಿಗೊತ್ತಿ, ಗೋಡೆಯ ಕಡೆ ಮುಖ ಮಾಡಿ ಪಿಸುಗುಟ್ಟುತ್ತಿದ್ದರು. ಆ ಹೆಗಲು, ಆ ಚೌಕಳಿ ಅಂಗಿ ನನಗೆ ಚೆನ್ನಾಗಿ ಗೊತ್ತು. ಬ್ಯಾಡಗಿಯ ಪೆಂಡಾಲಿನವರು. ನಮ್ಮ ಮಂಟಪದ ಹೊರಗೆ ಶಾಮಿಯಾನ ಹಾಕುವವರು, ಒಳಗೆ ಹೂವಿನ ಅಲಂಕಾರ ಮಾಡುವವರು ಅವರೇ. ಪ್ರತಿ ಮದುವೆಯಲ್ಲೂ ನಾನು ಜಗಳವಾಡುವುದು ಅವರ ಜೊತೆಗೇ. ನಾನೂ ಥಟ್ಟನೆ ಫೋನನ್ನು ಕಿವಿಗಿಟ್ಟುಕೊಂಡು "ಹಲೋ, ಹಲೋ" ಎಂದೆ. ಆಗಲೇ ನನ್ನ ಫೋನು ನಿಜವಾಗಿ ರಿಂಗಾಯಿತು.

ಅವರು ತಿರುಗಿ ನೋಡಿದರು.

"ಏನ್ ಭಾಯ್, ನೀವು ಇಲ್ಲಿ?" ಎಂದೆ.

"ಸಂಬಂಧಿಕರನ್ನ ಕರಕೊಂಡು ಬಂದೇನ್ರಿ. ನೀವು?"

"ನಾನೂ ಹಂಗ."

ಇಬ್ಬರೂ ಸುತ್ತ ನೋಡಿದೆವು. ಒಂದು ಫ್ಯಾನು ಬಿಟ್ಟರೆ ಅಲ್ಲಿ ನಮ್ಮ ಸಂಬಂಧಿಕರು ಯಾರೂ ಇರಲಿಲ್ಲ. ಮೊದಲು ನಕ್ಕವರು ಅವರೇ.

"ಮ್ಯಾನೇಜರ್ ಸಾಹೇಬ್ರ, ಖರೇ ಹೇಳ್ಲಿ? ಫೋನಿನ್ಯಾಗ ನಿಮ್ಮ ಹೆಸರು ಬಂದ್ರ ಸಾಕು, ನನ್ನ ಎದಿ ಢವಢವ ಅಂತೈತಿ. ಉಂಡದ್ದು ಮೈಗೆ ಹತ್ತವಲ್ದು. ಮನ್ಯಾಗ ಬೈದು ಇಲ್ಲಿಗೆ ಕಳಿಸ್ಯಾರ."

ನಾನು ಮೇಡಂ ಎದುರು ಅಲ್ಲಿಯವರೆಗೆ ಹೇಳಿಕೊಂಡ ಕಷ್ಟಗಳಲ್ಲಿ ಮುಕ್ಕಾಲು ಪಾಲು ಇವರ ಪೆಂಡಾಲಿನ ಗಾಡಿ ತಡವಾಗಿ ಬರುವುದರ ಬಗ್ಗೆಯೇ ಇತ್ತು. ಎದ್ದು ಅವರ ಪಕ್ಕ ಹೋಗಿ ಕುಳಿತು ಅದನ್ನು ಹೇಳಿದೆ. ಅವರಿಗೆ ಒಂಥರಾ ಸಮಾಧಾನವಾದಂತೆ ಕಂಡಿತು. ನನ್ನಿಂದ ಒಬ್ಬರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದಾರೆ ಎಂದು ನನಗೆ ಬೇಸರವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಅಡಿಯಲ್ಲಿ, ನನ್ನ ಫೋನಿಗೆ ಅಷ್ಟೊಂದು ತೂಕವಿದೆಯಲ್ಲ ಎಂಬ ಸಣ್ಣ ಜಂಬವೂ ಇತ್ತು.

ಬಾಗಿಲು ತೆರೆದ ಮೇಡಂ ನಮ್ಮಿಬ್ಬರನ್ನು ಒಂದೇ ಬೆಂಚಿನಲ್ಲಿ ಕಂಡು ಕೈಯಲ್ಲಿದ್ದ ಹೆಸರಿನ ಪಟ್ಟಿಯನ್ನು ಇನ್ನೊಮ್ಮೆ ನೋಡಿದರು. ಒಳಗೆ ಹೋದ ಮೇಲೆ ಕೇಳಿದೆ: "ಮೇಡಂ, ನಿಮಗ ಮದಲ ಗೊತ್ತಿತ್ತೇನ್ರಿ?"

"ಒಬ್ರ ಮಾತು ಇನ್ನೊಬ್ರ ಮುಂದ ನಾ ಆಡೂದಿಲ್ರಿ ಸರ್" ಎಂದು ಹೇಳಿ, ಬಹಳ ಹೊತ್ತು ನೀರು ಕುಡಿದರು.

ಅಂದೇ ಅವರು ನನಗೆ ದೊಡ್ಡ ಪರೀಕ್ಷೆ ಒಡ್ಡಿದ್ದು. ಯಾವುದಾದರೂ ಒಂದು ಮದುವೆಯ ದಿನ, ಗದ್ದಲದ ಹೊತ್ತಿನಲ್ಲೇ, ಮಂಟಪ ಬಿಟ್ಟು ಹೊರಗೆ ಹೋಗಬೇಕು. ಫೋನನ್ನೂ ಬಿಟ್ಟು.

ಕುಮಾರಪಟ್ಟಣದ ಕಡೆಯ ಒಂದು ಮನೆತನದ ಮದುವೆ ಬಂತು. ಫೋನನ್ನು ಯಾರ ಕೈಗೆ ಕೊಡಲಿ ಎಂದು ಒದ್ದಾಡುತ್ತಿದ್ದಾಗ ಪೆಂಡಾಲಿನ ಭಾಯ್ ಕೈ ಚಾಚಿದರು. "ನನ್ನ ಕಡೆ ಕೊಡ್ರಿ. ನಿಮ್ಮ ಫೋನ್ ನನ್ನ ಕೈಯಾಗ ಇದ್ರ ನನಗ ನಿಮ್ಮ ಫೋನ್ ಬರೂದಿಲ್ಲ. ಇಬ್ಬರಿಗೂ ಆರಾಮ."

ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕದರಮಂಡಲಗಿಯ ಆಂಜನೇಯನ ಗುಡಿಗೆ ಹೋದೆ. ದಾರಿಯುದ್ದಕ್ಕೂ ಖಾಲಿ ಜೇಬು ಮುಟ್ಟಿಕೊಳ್ಳುತ್ತಲೇ ಇದ್ದೆ. ದೇವರೆದುರು ಕಣ್ಣು ಮುಚ್ಚಿದೆ, ತೆರೆದೆ, ಆಮೇಲೆ ಏನಾಯಿತೋ ಗೊತ್ತಿಲ್ಲ. ನೋಡಿದರೆ, ಹೆಂಗಸರ ಸಾಲನ್ನು ಈ ಕಡೆ, ಗಂಡಸರ ಸಾಲನ್ನು ಆ ಕಡೆ ಮಾಡಿಸುತ್ತ ಕಂಬದ ಪಕ್ಕ ನಿಂತಿದ್ದೆ. ಒಬ್ಬ ಅಜ್ಜಿ ನನ್ನನ್ನು ಗುಡಿಯವನೆಂದೇ ತಿಳಿದು ತೀರ್ಥ ಕೇಳಿದಳು. ಹೆಂಡತಿ ನನ್ನ ಅಂಗಿಯ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು.

"ಇಲ್ಲೂ ಡ್ಯೂಟಿ ಏನ್ರಿ? ಕುಂದ್ರಿ ಸುಮ್ನ."

ಕಟ್ಟೆಯ ಮೇಲೆ ಕುಳಿತು ಕೊಬ್ಬರಿ ತಿಂದೆವು. ಸ್ವಲ್ಪ ಹೊತ್ತು ಬಂದು ಹೋಗುವವರನ್ನು ಬರೀ ನೋಡಿದೆವು. ಆ ಸ್ವಲ್ಪ ಹೊತ್ತು ಚೆನ್ನಾಗಿತ್ತು. ಹೆಗಲು ತಾನಾಗಿ ಕೆಳಗಿಳಿದಿತ್ತು ಎಂಬುದು ನನಗೆ ತಿಳಿದದ್ದು, ಮತ್ತೆ ಬೈಕು ಹತ್ತಿದಾಗ ಅದು ಮೇಲಕ್ಕೆ ಹೋದ ಮೇಲೆ.

ಮಂಟಪದಲ್ಲಿ ಅನಾಹುತವೇ ಆಗಿರುತ್ತದೆ ಎಂದುಕೊಂಡು ಓಡಿದೆ. ಕರೆಂಟು ಹೋಗಿತ್ತಂತೆ, ಜನರೇಟರು ಮೊದಲು ಹಟ ಮಾಡಿತಂತೆ, ಭಾಯ್ ಯಾರನ್ನೋ ಕರೆಸಿ ಶುರು ಮಾಡಿಸಿದರಂತೆ. ತಾಳಿ ಕಟ್ಟಿಯಾಗಿತ್ತು. ಮೂರನೇ ಪಂಕ್ತಿ ಊಟಕ್ಕೆ ಕುಳಿತಿತ್ತು. ಹುಡುಗಿಯ ತಂದೆ ನನ್ನ ಕೈ ಹಿಡಿದು, "ಎಲ್ಲಾ ಭಾಳ ಚಲೋ ಮಾಡೀರಿ, ನೀವು ಇದ್ರಿ ಅಂತ ನಡೀತು" ಎಂದರು. ನಾನು ಇರಲೇ ಇಲ್ಲ ಎಂಬುದು ಅವರಿಗೆ ಗೊತ್ತೇ ಆಗಿರಲಿಲ್ಲ.

ಮೇಡಂ ಎದುರು ಕುಳಿತು ದೂರು ಹೇಳಿದೆ. "ನಾ ಇಲ್ಲಂದ್ರೂ ನಡದೈತ್ರಿ!"

"ಅದು ಚಲೋನ ಅಲ್ಲೇನ್ರಿ ಸರ್?"

"ಚಲೋನ ಐತ್ರಿ. ಆದ್ರ ಹೊಟ್ಟಿ ಉರೀತು."

ಅವತ್ತು ಮೇಡಂ ಮೊದಲ ಸಲ ಮನಸಾರೆ ನಕ್ಕರು. ಆಮೇಲೆ ಆ ಹೊಟ್ಟೆಯುರಿಯ ಬಗ್ಗೆಯೇ ಬಹಳ ಹೊತ್ತು ಮಾತಾಡಿದೆವು. ನನ್ನ ಆ್ಯಸಿಡಿಟಿಗೆ ಹೊಟ್ಟೆಗಿಂತ ಜಂಬವೇ ಹೆಚ್ಚು ಕಾರಣವಿರಬಹುದು ಎಂದು ಹೊಳೆದದ್ದು ಆಗಲೇ. ಈಗ ಪ್ರತಿ ಮದುವೆಯಲ್ಲೂ ಒಂದು ತಾಸು ಭಾಯ್ ಕೈಗೆ ಎಲ್ಲ ಬಿಟ್ಟು ಕುಳಿತು ಊಟ ಮಾಡುತ್ತೇನೆ. ಜಗಳ ನಿಂತಿಲ್ಲ, ಆದರೆ ಕೂಗುವ ಮೊದಲು ಇಬ್ಬರೂ ಒಂದು ಉದ್ದನೆಯ ಉಸಿರು ತೆಗೆದುಕೊಳ್ಳುತ್ತೇವೆ. ಎಷ್ಟೋ ಸಲ ಅಷ್ಟರಲ್ಲಿ ಏನು ಕೂಗಬೇಕಿತ್ತೋ ಮರೆತುಹೋಗುತ್ತದೆ.

ಮೇಡಂ ಮಾತಿನಂತೆ ಮುಂಜಾನೆ ಕೆರೆಯ ಏರಿಯ ಮೇಲೆ ನಡೆಯಲು ಹೋಗುತ್ತೇನೆ. ಅಲ್ಲಿ ನಡೆಯುವವರೆಲ್ಲ ಸೇರಿ ಮೊನ್ನೆ ಒಂದು ಸಂಘ ಕಟ್ಟಿದರು. "ಸೆಕ್ರೆಟರಿ ನೀವ ಆಗ್ಬೇಕು, ನಿಮ್ಮಷ್ಟು ಅಚ್ಚುಕಟ್ಟು ಯಾರಿಗೂ ಆಗೂದಿಲ್ಲ" ಎಂದು ಸುತ್ತುವರಿದರು. "ಆಗೂದಿಲ್ರಿ" ಎಂದೆ. ಮತ್ತೆ ಒತ್ತಾಯಿಸಿದರು, ಎರಡನೇ ಸಲವೂ ಅದನ್ನೇ ಹೇಳಿದೆ. ಮನೆಗೆ ಬಂದು ಹೆಂಡತಿಗೆ ಹೆಮ್ಮೆಯಿಂದ ತಿಳಿಸಿದೆ. ಆಮೇಲೆ ಇಡೀ ದಿನ, ಸೆಕ್ರೆಟರಿ ಯಾರಾದರು, ಅವರಿಗೆ ಏನಾದರೂ ಬರುತ್ತದೆಯೋ ಇಲ್ಲವೋ ಎಂದು ಯೋಚಿಸುತ್ತ ಕುಳಿತಿದ್ದೆ.