ನೀರಿಗೊಂದು ಕನ್ನಡಕ

ನನ್ನ ಹೆಂಡತಿ ಗುಬ್ಬಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರ್. ಕನ್ನಡಕ ತೆಗೆದರೆ ಎದುರಿಗಿರುವುದು ಹೆಡ್‌ಮಾಸ್ಟರೋ ಬೀರುವೋ ಅವಳಿಗೆ ತಿಳಿಯುವುದಿಲ್ಲ. ಎರಡೂ ಕಣ್ಣಿಗೆ ಮೈನಸ್ ಪವರ್, ಅದೂ ದಪ್ಪ ಗಾಜಿನದು. ಆದರೂ ನೀರಿಗಿಳಿದಳೆಂದರೆ ಅವಳನ್ನು ಮೇಲಕ್ಕೆ ಕರೆಸುವುದೇ ಒಂದು ಕೆಲಸ. ಕುಣಿಗಲ್ ಹತ್ತಿರದ ಅವಳ ತವರಿನ ತೋಟದಲ್ಲಿ ದೊಡ್ಡ ಕಲ್ಲುಕಟ್ಟಡದ ಬಾವಿಯಿದೆ. ಚಿಕ್ಕವಳಿದ್ದಾಗ ಸೊಂಟಕ್ಕೆ ಜೋಡಿ ಒಣ ತೆಂಗಿನಕಾಯಿ ಕಟ್ಟಿಕೊಂಡು ಅಲ್ಲೇ ಈಜು ಕಲಿತಳಂತೆ. ನನಗೆ ಈಜು ಬಾರದು. ತುಮಕೂರಿನಲ್ಲಿ ಹುಟ್ಟಿ, ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಮಿಷನ್ ರಿಪೇರಿ ಮಾಡಿಕೊಂಡಿರುವ ನನಗೆ ನೀರೆಂದರೆ ನಲ್ಲಿಯಲ್ಲಿ ಬರುವುದು.

ಈಚೆಗೆ ಬೇಸಿಗೆ ರಜೆಗೆ ಅವಳ ಸ್ಕೂಲಿನ ಟೀಚರುಗಳೆಲ್ಲ ಸೇರಿ ಮುರುಡೇಶ್ವರಕ್ಕೆ ಹೋಗುವುದೆಂದು ತೀರ್ಮಾನವಾಯಿತು. ದೇವರ ದರ್ಶನ ಮನೆಯವರಿಗೆ ಹೇಳಲಿಕ್ಕೆ. ದೋಣಿಯಲ್ಲಿ ದ್ವೀಪದ ಬಳಿ ಹೋಗಿ, ಬೆನ್ನಿಗೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು, ಸಮುದ್ರದೊಳಗೆ ಮುಳುಗಿ ಮೀನು ನೋಡುವುದು ಅಸಲಿ ಕಾರ್ಯಕ್ರಮ. ಮೊದಲು ಹೆಸರು ಕೊಟ್ಟವಳು ನಮ್ಮನೆಯವಳೇ. ಐವತ್ತು ದಾಟಿದ ಹೆಂಗಸಿಗೆ ಎಂಥ ಧೈರ್ಯ ಎಂದು ನಾನು ಬಾಯಲ್ಲಿ ಬೈದೆ, ಮನಸ್ಸಿನಲ್ಲಿ ಮೆಚ್ಚಿದೆ.

ಆದರೆ ಡೈವಿಂಗ್ ಕಲಿಸುವವನು ಫೋನಿನಲ್ಲಿ ಒಂದು ಮಾತು ಹೇಳಿ ಅವಳ ಮುಖ ಬಾಡಿಸಿಬಿಟ್ಟ. ಕನ್ನಡಕ ಹಾಕಿಕೊಂಡು, ಕಣ್ಣು ಮೂಗು ಮುಚ್ಚುವ ಡೈವಿಂಗ್ ಮಾಸ್ಕ್ ಹಾಕುವ ಹಾಗಿಲ್ಲ. ಕನ್ನಡಕದ ಕಡ್ಡಿ ಅಂಚಿನಲ್ಲಿ ಸಿಕ್ಕಿಕೊಂಡರೆ ಆ ಸಂದಿಯಿಂದಲೇ ನೀರು ನುಗ್ಗುತ್ತದೆ. ಕಣ್ಣಿನೊಳಗೆ ಹಾಕುವ ಲೆನ್ಸ್ ಅವಳಿಗೆ ಆಗಿಬರುವುದಿಲ್ಲ, ಹಿಂದೆ ಒಮ್ಮೆ ಹಾಕಿ ಕಣ್ಣು ಕೆಂಡವಾಗಿತ್ತು.

"ಹಂಗಾದ್ರೆ ನಾನು ಹೋಗಲ್ಲ ಕಣ್ರೀ. ಮೀನು ನೋಡೋಕೆ ಅಂತ ಹೋಗಿ, ಏನೂ ಕಾಣ್ದೆ ಬರೋದಾ? ಇಷ್ಟು ವರ್ಷ ಈಜಿದೀನಿ, ನೀರೊಳಗೆ ಏನಿರುತ್ತೆ ಅಂತ ಒಂದು ದಿನಾನೂ ಕಂಡಿಲ್ಲ," ಎಂದಳು.

ಆ ಮಾತು ನನಗೆ ನಾಟಿತು. ಮದುವೆಯಾಗಿ ಇಷ್ಟು ಕಾಲವಾದರೂ ಆ ವಿಷಯ ನನ್ನ ತಲೆಗೆ ಹೊಳೆದಿರಲೇ ಇಲ್ಲ. ಅವಳು ಮುಳುಗಿದಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ಬರೀ ಹಸಿರು ಮಬ್ಬು.

ರಿಪೇರಿಯವನಲ್ಲವೇ, ನನಗೆ ಉಪಾಯಕ್ಕೇನು ಬರ. ಹಳೇ ಕನ್ನಡಕದ ಗಾಜು ಕಿತ್ತು ಮಾಸ್ಕಿನೊಳಗೆ ಅಂಟು ಹಾಕಿ ಕೂರಿಸುತ್ತೇನೆ, ಗ್ಯಾಸ್ಕೆಟ್ ಕೂರಿಸುವವನಿಗೆ ಇದು ಯಾವ ಲೆಕ್ಕ ಎಂದೆ. ಅವಳು ಜೋರಾಗಿ ನಕ್ಕಳು. "ಸಮುದ್ರದೊಳಗೆ ಗಾಜು ಬಿಚ್ಕೊಂಡ್ರೆ ಮೀನುಗಳು ಹಾಕ್ಕೊಂಡು ಓಡಾಡ್ಲಿ ಅಂತಾನಾ?" ಎಂದು ಕೇಳಿ, ತಾನೇ ಹುಡುಕಲು ಕುಳಿತಳು. ಪವರ್ ಇರುವ ಗಾಜನ್ನೇ ಕೂರಿಸಿಕೊಡುವ ಮಾಸ್ಕುಗಳಿವೆ ಎಂದು ಅವಳಿಗೆ ಆವತ್ತೇ ಗೊತ್ತಾಯಿತು.

ಅಲ್ಲಿಂದ ಮುಂದೆ ಅವಳನ್ನು ನೋಡುವುದೇ ಒಂದು ಚೆಂದ. ರೆಡಿ ಗಾಜುಗಳು ಅರ್ಧರ್ಧ ಪವರಿನ ಅಂತರದಲ್ಲಿ ಮಾತ್ರ ಬರುತ್ತವೆ. ಅವಳ ಕಣ್ಣಿನ ಚೀಟಿಯಲ್ಲೋ ಮೈನಸ್ ಪವರಿನ ಜೊತೆಗೆ, ಕಣ್ಣುಗುಡ್ಡೆಯ ಡೊಂಕು ತಿದ್ದುವ ಸಿಲಿಂಡರ್ ಪವರೂ ಇದೆ. ಅದನ್ನು ಈ ಗಾಜಿನಲ್ಲಿ ಕೊಡುವುದಿಲ್ಲ. ಅದಕ್ಕೆ ಸಿಲಿಂಡರಿನ ಅರ್ಧವನ್ನು ಮೈನಸ್‌ಗೆ ಸೇರಿಸಬೇಕು, ಎರಡು ಗಾಜಿನ ನಡುವೆ ಬಂದರೆ ಕಡಿಮೆಯದನ್ನೇ ಆರಿಸಬೇಕು, ಏಕೆಂದರೆ ನೀರೊಳಗೆ ಎಲ್ಲವೂ ಸ್ವಲ್ಪ ಹತ್ತಿರ, ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಇಷ್ಟನ್ನೂ ಒಗ್ಗರಣೆ ಹಾಕುತ್ತಲೇ ನನಗೆ ಬಿಡಿಸಿ ಹೇಳಿದಳು. ನನಗೆ ಅರ್ಧ ಅರ್ಥವಾಯಿತು, ಹೆಮ್ಮೆ ಮಾತ್ರ ಪೂರ್ತಿ ಆಯಿತು. ಹತ್ತನೇ ಕ್ಲಾಸಿನ ಮಕ್ಕಳ ಅದೃಷ್ಟವೇ ಅದೃಷ್ಟ ಅನ್ನಿಸಿತು.

"ಕೆಳಗಡೆ ಓದೋ ಪವರ್ ಕೂಡ ಹಾಕ್ಸು ಕಣೇ, ನಿಂಗೆ ಹತ್ರದ್ದೂ ಕಾಣಲ್ವಲ್ಲ," ಎಂದೆ.

"ನಾನು ಹೋಗ್ತಿರೋದು ಮೀನು ನೋಡೋಕೆ ರೀ, ಪೇಪರ್ ಓದೋಕಲ್ಲ."

ಕಣ್ಣಿನ ಗೊಂಬೆಗಳ ನಡುವಿನ ಅಂತರವನ್ನೂ ಅಂಗಡಿಯವರು ಕೇಳಿದ್ದರು. ನಾನು ಸ್ಕೇಲ್ ಹಿಡಿದು ಅವಳ ಮೂಗಿನ ಮೇಲಿಟ್ಟರೆ ಅವಳಿಗೆ ನಗು ತಡೆಯದು, ನನಗೆ ಕೋಪ. ಕೊನೆಗೆ ಕನ್ನಡಕದಂಗಡಿಗೆ ಹೋಗಿ ಅಳತೆ ಬರೆಸಿಕೊಂಡು ಬಂದೆವು.

ಬೆಂಗಳೂರಿನ ಅಂಗಡಿಯವರು ಮೊದಲು ಗಾಜಿಗೆ ಪವರ್ ಇಲ್ಲದ ಮೂರು ಮಾಸ್ಕುಗಳನ್ನು ಬಸ್ ಪಾರ್ಸಲ್ಲಿಗೆ ಹಾಕಿದರು. ಮುಖಕ್ಕೆ ಕೂರುವುದನ್ನು ಆರಿಸಿ ಹೇಳಿದರೆ ಅದಕ್ಕೆ ಪವರ್ ಗಾಜು ಹಾಕಿಕೊಡುತ್ತೇವೆ ಎಂದರು. ಪರೀಕ್ಷೆ ಸುಲಭ. ಪಟ್ಟಿ ಕಟ್ಟದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಬೇಕು. ಮಾಸ್ಕ್ ಬೀಳದೆ ನಿಂತರೆ ಅದು ನಿಮ್ಮ ಮುಖದ್ದು.

ಭಾನುವಾರ ಬೆಳಗ್ಗೆ ಪೂಜೆ ಮುಗಿಸಿ ಎದ್ದವಳೇ ಕನ್ನಡಿಯ ಮುಂದೆ ನಿಂತಳು. ಮೊದಲನೆಯದು ಬಿತ್ತು. ಎರಡನೆಯದೂ ಜಾರಿತು. ಮೂರನೆಯದು ಒಂದು ಕ್ಷಣ ನಿಂತು, ಮೇಲುಗಡೆಯಿಂದ ಬಿಟ್ಟುಕೊಂಡಿತು. ಅವಳ ಮುಖ ಸಣ್ಣಗಾಯಿತು. "ನನ್ನ ಮುಖಕ್ಕೆ ಯಾವುದೂ ಆಗಲ್ಲ ಅನ್ಸುತ್ತೆ," ಎಂದಳು.

ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಅಂಗಡಿಯವನಿಗೆ ಫೋನ್ ಹಚ್ಚಿದೆ. "ಏನ್ರೀ, ತುಮಕೂರಿನೋರು ಅಂದ್ರೆ ಹಳೇ ಮಾಲು ಸಾಗಹಾಕೋದಾ? ಮೂರಕ್ಕೆ ಮೂರೂ ಲೀಕು!" ಎಂದು ಶುರುವಾದವನು ರಬ್ಬರು, ಸೀಲು, ನನ್ನ ಸರ್ವೀಸು ಎಲ್ಲ ಸೇರಿಸಿ ಅವನ ನೀರಿಳಿಸಿದೆ. ಆತ ಪಾಪ "ಸರ್, ಸರ್" ಅನ್ನುತ್ತಲೇ ಇದ್ದ.

ಅಷ್ಟರಲ್ಲಿ ಅವಳು ಮಾಸ್ಕನ್ನು ತಿರುಗಿಸಿ ಬೆಳಕಿಗೆ ಹಿಡಿದಿದ್ದಳು. ಮೇಲಂಚಿನ ಸಿಲಿಕಾನ್ ಮೇಲೆ ಬೆಳ್ಳಗೆ ಪುಡಿ. ವಿಭೂತಿ! ಹಣೆಯ ಮೂರು ಪಟ್ಟೆಯ ಮೇಲೇ ಮಾಸ್ಕಿನ ಅಂಚು ಕೂರುತ್ತಿತ್ತು. ನುಣ್ಣನೆ ಬೂದಿಯ ಮೇಲೆ ಸಿಲಿಕಾನ್ ಹೇಗೆ ಹಿಡಿದೀತು? ಅವಳು ಬಚ್ಚಲಿಗೆ ಹೋಗಿ ಮುಖ ತೊಳೆದು, ಒರೆಸಿಕೊಂಡು ಬಂದು, ಮೂರನೆಯ ಮಾಸ್ಕನ್ನು ಒತ್ತಿ ಉಸಿರೆಳೆದಳು. ಎರಡೂ ಕೈ ಬಿಟ್ಟು, ತಲೆ ಬಗ್ಗಿಸಿ, ಅಲ್ಲಾಡಿಸಿ ತೋರಿಸಿದಳು. ಕಚ್ಚಿ ಹಿಡಿದಿತ್ತು. ನಾನು ಫೋನಿನಲ್ಲಿ ದನಿ ಇಳಿಸಿ, "ಮೂರನೇದು ಚೆನ್ನಾಗಿದೆ, ವಾಪಸ್ ಕಳಿಸ್ತೀನಿ, ಅದಕ್ಕೇ ಗಾಜು ಹಾಕ್ಬಿಡಿ," ಎಂದೆ.

ನಮ್ಮವ್ವ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಬರಿ ಹಣೆ ಅವರಿಗೆ ಸರಿಬರಲಿಲ್ಲ. "ಇಬೂತಿ ಒರೆಸ್ಕೊಂಡು ನೀರಿಗಿಳೀತೀಯೇನವ್ವ?" ಎಂದರು. ನಾನಾಗಿದ್ದರೆ ರೇಗುತ್ತಿದ್ದೆ. ಇವಳು ಮಾಸ್ಕ್ ತೆಗೆದು, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡು, "ಇದು ಜೊತೇಲೇ ಬರುತ್ತೆ ಅತ್ತೆ. ಮೇಲೆ ಬಂದ ತಕ್ಷಣ ವಿಭೂತಿ ಹಚ್ಕೋತೀನಿ," ಎಂದಳು. ಅವ್ವ ಕರಡಿಗೆ ನೋಡಿ, "ಹಂಗಾದ್ರೆ ಸರಿ ಬುಡು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನ್ಯಾಕ್ಲಾ ಆವಯ್ಯಂಗೆ ಹಂಗೆ ಬೈದೆ?" ಎಂದು ನನ್ನ ಮಾನ ಕಳೆದರು.

ಪವರ್ ಗಾಜು ಕೂತ ಮಾಸ್ಕ್ ಬಂದಾಗ ಸಮುದ್ರದ ಪ್ರಯಾಣ ಹತ್ತಿರವಾಗಿತ್ತು. ಹೊಸ ಗಾಜು ಮಂಜುಗಟ್ಟದಿರಲೆಂದು ಒಳಗೆ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ತೊಳೆದಳು. ಹಾಕಿಕೊಂಡು ಎದುರುಮನೆಯ ನೀರಿನ ಟ್ಯಾಂಕಿನ ಮೇಲಿದ್ದ ಕಾಗೆಯನ್ನು ತೋರಿಸಿದಳು. ಆದರೆ ಗಾಳಿಯಲ್ಲಿ ಕಂಡರೆ ಸಾಕೇ? ನೀರೊಳಗೆ ಕಾಣದಿದ್ದರೆ ಹೋಗುವುದಿಲ್ಲ ಎಂದು ಅವಳು ಖಡಾಖಂಡಿತವಾಗಿ ಹೇಳಿದ್ದಳು. ಅದಕ್ಕೆ ಬೈಕ್ ಹತ್ತಿ ಕುಣಿಗಲ್ ಕಡೆಯ ತೋಟಕ್ಕೆ ಹೋದೆವು.

ಬೇಸಿಗೆಯಾದ್ದರಿಂದ ನೀರು ಕೆಳಗಿಳಿದು ತಿಳಿಯಾಗಿತ್ತು. ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು, ಮಾಸ್ಕ್ ಕೂರಿಸಿಕೊಂಡು, ಮೆಟ್ಟಿಲಿಳಿದು ಮುಳುಗಿದಳು. ಬೇಗ ಬರಲಿಲ್ಲ. ನಾನು ಕಟ್ಟೆಯ ಮೇಲಿಂದ ಕೂಗಾಡತೊಡಗಿದೆ. ಮೇಲೆದ್ದಾಗ ಅವಳು ಚಿಕ್ಕ ಹುಡುಗಿಯ ಹಾಗೆ ಕಿರುಚಿದಳು: "ಕಾಣುತ್ತೆ ಕಣ್ರೀ! ಒಂದೊಂದು ಕಲ್ಲೂ ಕಾಣುತ್ತೆ! ಒರತೆ ಕಾಣುಸ್ತು, ಎಸರು ಕುದಿಯೋ ಹಂಗೆ ಮರಳು ಕುದೀತಾ ಇದೆ! ಯಾವಾಗ್ಲೂ ಅಲ್ಲಿ ಕಾಲಿಗೆ ತಣ್ಣಗೆ ತಗುಲ್ತಿತ್ತು, ಏನು ಅಂತ ಗೊತ್ತೇ ಇರ್ಲಿಲ್ಲ!"

ನನ್ನ ಕಣ್ಣು ತುಂಬಿತು. ಹಟ ಹಿಡಿದು, ಲೆಕ್ಕ ಹಾಕಿ, ನೀರಿನೊಳಗಿನ ಬೆಳಕನ್ನು ತನಗೆ ತಾನೇ ತಂದುಕೊಂಡವಳು. ಅದನ್ನು ಹೇಳುವ ಬದಲು, ಅಭ್ಯಾಸಬಲ, ಗದರಿದೆ: "ಸಾಕು ಬಾರೇ ಮೇಲೆ! ಎಷ್ಟೊತ್ತು ಅದು ಒಳಗೆ? ಬುದ್ಧಿ ಇಲ್ವಾ?"

ಅವಳು ನೀರಿನಲ್ಲಿ ಕೈಯಾಡಿಸುತ್ತ, ಮಾಸ್ಕ್ ತೆಗೆಯದೆ, ಕತ್ತೆತ್ತಿ ನನ್ನನ್ನೇ ನೋಡುತ್ತಿದ್ದಳು. ಬಾವಿಯೊಳಗಿನಿಂದ ಅವಳಿಗೆ ನಾನು ಇದುವರೆಗೆ ಒಂದು ಮಬ್ಬು ಮತ್ತು ಒಂದು ದನಿ, ಅಷ್ಟೇ ಆಗಿದ್ದೆ.

"ರೀ," ಎಂದಳು ಮೆಲ್ಲಗೆ, "ನಿಮ್ಮ ಕೈ ನಡುಗ್ತಿದೆ."

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

"ಯಾವಾಗ್ಲೂ ಹಿಂಗೇ ನಿಂತಿರ್ತಿದ್ರಾ? ಇಷ್ಟು ವರ್ಷ ನಾನು, ಇವ್ರಿಗೆ ನಾನು ಈಜೋದೇ ಇಷ್ಟ ಇಲ್ಲ, ಅದಕ್ಕೆ ಬೈತಾರೆ ಅಂದ್ಕೊಂಡಿದ್ದೆ."

ಅವಳು ಮಾಸ್ಕನ್ನು ಒಮ್ಮೆ ಒತ್ತಿ ಸರಿಮಾಡಿಕೊಂಡಳು.

"ಇನ್ನೊಂದ್ಸಲ ಮುಳುಗಿ ಬರ್ತೀನಿ. ಈ ಸಲ ಬೈಬೇಡಿ. ಸುಮ್ನೆ ಹೆದರ್ಕೊಂಡೇ ನಿಂತ್ಕೊಳಿ, ಮೇಲೆ ಬಂದ ತಕ್ಷಣ ನೋಡ್ತೀನಿ."