ಸೂಜಕ್ಕನ ನಾಲ್ಕನೇ ಕುಣಿಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಐಸ್ ಫ್ಯಾಕ್ಟರಿಯ ಹಿಂಬಾಗಿಲ ಪಕ್ಕದ ಕೋಣೆಯಲ್ಲಿ, ತಗಡಿನ ಬೀರುಗಳು ಬಿಟ್ಟುಕೊಟ್ಟ ಇಷ್ಟೇ ಇಷ್ಟು ಜಾಗದಲ್ಲಿ ಒಂದು ಮರದ ಬೆಂಚು. ಅದರ ಮೇಲೆ ಸೂಜಕ್ಕ. ನೆಲ ಒದ್ದೆ, ಗಾಳಿಯಲ್ಲಿ ಮೂಗು ಚುಚ್ಚುವ ಅಮೋನಿಯಾ ವಾಸನೆ. ಒಳಗೆ ಮಂಜುಗಡ್ಡೆಗಳು ಅಚ್ಚಿನಿಂದ ಕಳಚಿ ದಡಾರನೆ ಬೀಳುವಾಗ ಬೆಂಚು ಅದುರುತ್ತದೆ, ಆಕೆಯ ಕೈ ಅದುರುವುದಿಲ್ಲ. ಎಡ ಹೆಬ್ಬೆರಳ ಮೇಲೆ ಉಣ್ಣೆ ದಾರದ ಒಂದು ಕುಣಿಕೆ, ಬಲಗೈಯಲ್ಲಿ ಬೆರಳುದ್ದದ ಚಪ್ಪಟೆ ಮರದ ಸೂಜಿ. ಸೂಜಿ ಹಳೆಯ ಕುಣಿಕೆಗಳೊಳಗೆ ನುಸುಳಿ, ಹೆಬ್ಬೆರಳ ಹಿಂದಿನಿಂದ ಹಾದು, ಉಳಿದ ದಾರವನ್ನಷ್ಟೂ ಎಳೆದುಕೊಂಡು ಆಚೆ ಬರುತ್ತದೆ. ಮತ್ತೆ ಒಳಗೆ ಹೋಗುತ್ತದೆ.

"ಬೇಗ ಕೊಡಕ್ಕಾ, ಲಾರಿ ಬಂದು ನಿಂತಿದೆ" ಎಂದು ಒಬ್ಬ ಹಮಾಲಿ ಬಾಗಿಲಲ್ಲೇ ಕುಣಿಯುತ್ತಾನೆ. ಅವನ ಒಂದು ಕೈಗೆ ಕೈಗವಸು ಇದೆ, ಇನ್ನೊಂದು ಆಕೆಯ ಮಡಿಲಲ್ಲಿ ರಿಪೇರಿಯಾಗುತ್ತಿದೆ.

"ಅವಸರ ಇದ್ರೆ ಅಂಗಡೀದು ಹಾಕ್ಕೊಂಡು ಹೋಗಪ್ಪ. ಇದು ಕೇಳಿದಷ್ಟು ಹೊತ್ತು ಕೊಡಲೇಬೇಕು."

ಹಮಾಲಿ ತೆಪ್ಪಗೆ ಕೂರುತ್ತಾನೆ. ಅಂಗಡಿಯದನ್ನು ಹಾಕಿಕೊಂಡು ಅನುಭವಿಸಿದವನು ಅವನು. ಐಸ್ ಎತ್ತುವ ಕೊಕ್ಕೆಗೆ ಒಂದೆಳೆ ಸಿಕ್ಕಿದರೆ ಸಾಕು, ಎರಡು ಕಡ್ಡಿಗಳಲ್ಲಿ ಹೆಣೆದ ಗವಸು ಸರಸರನೆ ಬಿಚ್ಚಿಕೊಂಡು ಕೈ ಬರಿದಾಗುತ್ತದೆ. ಸೂಜಕ್ಕನ ಒಂಟಿ ಸೂಜಿಯ ಹೆಣಿಗೆಗೆ ಆ ಚಾಳಿಯಿಲ್ಲ. ನಂಬದವರಿಗಾಗಿ ಆಕೆ ಒಂದು ಹಳೇ ಗವಸು ಇಟ್ಟುಕೊಂಡಿದ್ದಾರೆ. ಕತ್ತರಿಯಿಂದ ಅದನ್ನು ಕಚಕ್ಕನೆ ಕತ್ತರಿಸಿ, "ಈಗ ಎಳೀರಿ ನೋಡೋಣ" ಅನ್ನುತ್ತಾರೆ. ಎಷ್ಟು ಎಳೆದರೂ ಒಂದು ಕುಣಿಕೆಯೂ ಜಾರುವುದಿಲ್ಲ. ಪ್ರತಿ ಕುಣಿಕೆಯೂ ಅಕ್ಕಪಕ್ಕದವುಗಳ ಹೊಟ್ಟೆಯೊಳಗೆ ಹೋಗಿ ಬಂದಿರುವುದರಿಂದ ಒಂದು ಸತ್ತರೂ ಉಳಿದವು ಹಿಡಿದುಕೊಂಡಿರುತ್ತವೆ. ಬಿಚ್ಚಲೇಬೇಕೆಂದರೆ ಸೂಜಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. "ನಮ್ಮನೇಲಿ ಜಗಳ ಬಿಡಿಸಬಹುದು, ಇವಳ ಹೆಣಿಗೆ ಬಿಡಿಸಕ್ಕಾಗಲ್ಲ" ಎನ್ನುವುದು ಇದೇ ಫ್ಯಾಕ್ಟರಿಯಲ್ಲಿ ಮೋಟಾರು ನೋಡಿಕೊಳ್ಳುವ ಆಕೆಯ ಯಜಮಾನರ ಮಾತು.

ಹೆಣಿಗೆಯಲ್ಲೂ ಬಗೆಗಳಿವೆ. ಸೂಜಿ ಹಳೆಯ ಕುಣಿಕೆಗಳಲ್ಲಿ ಎಷ್ಟನ್ನು ಹಿಡಿಯುತ್ತದೆ, ಯಾವುದರ ಮೇಲಿಂದ, ಯಾವುದರ ಕೆಳಗಿನಿಂದ ಹೋಗುತ್ತದೆ ಎಂಬುದರ ಮೇಲೆ ಬಟ್ಟೆಯ ಗುಣವೇ ಬದಲಾಗುತ್ತದೆ. ಎರಡು ಕುಣಿಕೆ ಹಿಡಿದರೆ ಮೆತ್ತಗೆ, ಜಗ್ಗುತ್ತದೆ, ಅದು ಮಣಿಕಟ್ಟಿಗೆ. ಮೂರು ಹಿಡಿದರೆ ದಪ್ಪ, ಬಿಗಿ, ಅದು ಅಂಗೈಗೆ. ಇವಕ್ಕೆ ಸೂಜಕ್ಕನ ಮಾವ ಇಟ್ಟ ಹೆಸರುಗಳೇ ಇವತ್ತಿಗೂ ಚಲಾವಣೆಯಲ್ಲಿವೆ: ಮೆತ್ತನೆಯದು ಸೊಸೆ ಹೆಣಿಗೆ, ಬಿಗಿಯಾದದ್ದು ಅತ್ತೆ ಹೆಣಿಗೆ. "ಸೊಸೆ ಎಷ್ಟು ಜಗ್ಗಿದ್ರೂ ಬಗ್ತಾಳೆ, ಆಮೇಲೆ ತನ್ನ ಆಕಾರಕ್ಕೇ ವಾಪಸ್ ಬರ್ತಾಳೆ. ಅತ್ತೆ ಬಗ್ಗೋದೂ ಇಲ್ಲ, ಸವೆಯೋದೂ ಇಲ್ಲ" ಎಂದು ವಿವರಿಸುವಾಗ ಸೂಜಕ್ಕನ ಮುಖದಲ್ಲಿ ತುಂಟ ನಗು.

ಈ ಮನೆಗೆ ಸೊಸೆಯಾಗಿ ಬರುವವರೆಗೆ ಆಕೆ ಇಂಥ ಸೂಜಿಯನ್ನೇ ಕಂಡವರಲ್ಲ. ಮಾವ, ಗಂಡ, ಮೈದುನ ಎಲ್ಲರದೂ ಐಸಿನ ಕೆಲಸ. ಅಷ್ಟೂ ಹಮಾಲಿಗಳ ಕೈ ಕಾಯುವ ಗವಸು ಅತ್ತೆಯದು. ಅತ್ತೆ ಕಲಿಸಿದರು ಅನ್ನುವುದಕ್ಕಿಂತ ಬೈದರು ಅನ್ನುವುದೇ ಸರಿ. "ಬಾಯಿ ಜೋರು. ಒಂದು ದಿನಕ್ಕೂ ಚೆನ್ನಾಗಿದೆ ಅಂದೋರಲ್ಲ. ಆದ್ರೆ ಅಂಥ ಕೈ ಇನ್ನೊಂದು ನೋಡಿಲ್ಲ ಬಿಡಿ." ಅತ್ತೆ ತೀರಿಕೊಂಡ ಮೇಲೆ ಬೆಂಚು ಸೊಸೆಯದಾಯಿತು.

ಆದರೆ ಈಚೆಗೆ ಆ ಬೆಂಚಿಗೇ ಸಂಚಕಾರ ಬಂದಿತ್ತು. ಮಂಜುಗಡ್ಡೆಗಳ ಅಳತೆ ದೊಡ್ಡದಾದಂತೆ ಸೂಜಕ್ಕನ ಗವಸುಗಳ ಅಂಗೈ ಬೇಗ ಸವೆಯತೊಡಗಿತು. ಮ್ಯಾನೇಜರು ರಬ್ಬರಿನ ಕೈಗವಸುಗಳ ಪೆಟ್ಟಿಗೆಯನ್ನೇ ತರಿಸಿ, "ಅಂಗೈ ಬಾಳಿಕೆ ಬಂದ್ರೆ ನಿಮ್ಮದೇ ಇರಲಿ ಅಮ್ಮ, ಇಲ್ಲಾಂದ್ರೆ ಮುಂದಿನ ಸೀಸನ್ನಿಗೆ ಇದೇ" ಅಂದುಬಿಟ್ಟರು. ರಬ್ಬರಿನೊಳಗೆ ನೀರು ಹೊಕ್ಕರೆ ಬೆರಳು ಮರಗಟ್ಟುತ್ತದೆಂದು ಹಮಾಲಿಗಳಿಗೆ ಗೊತ್ತು. ಆದರೂ ತೂತು ಬಿದ್ದ ಉಣ್ಣೆಯನ್ನು ಯಾವ ಮುಖ ಇಟ್ಟುಕೊಂಡು ಹೊಗಳುವುದು?

ಇಡೀ ಫ್ಯಾಕ್ಟರಿಯಲ್ಲಿ ಸವೆಯದ ಅಂಗೈ ಇದ್ದದ್ದು ಒಂದೇ ಜೋಡಿಯಲ್ಲಿ. ಅದು ಮೈದುನನದು. ಅವನು ಕೆಲಸಕ್ಕೆ ಸೇರಿದಾಗ ಅವನ ತಾಯಿ, ಅಂದರೆ ಸೂಜಕ್ಕನ ಅತ್ತೆ, ಕೈಯಾರೆ ತೊಡಿಸಿದ ಗವಸು. ಐಸಿನ ನೀರು ಕುಡಿದೂ ಕುಡಿದೂ ಉಣ್ಣೆ ಕಂಬಳಿಯ ಹಾಗೆ ಒತ್ತೊತ್ತಾಗಿ, ಮೇಲಿನಿಂದ ಒಂದು ಕುಣಿಕೆಯೂ ಕಾಣುತ್ತಿರಲಿಲ್ಲ. ಬೆರಳಲ್ಲಿ ಒತ್ತಿದರೆ ಅತ್ತೆ ಹೆಣಿಗೆಗಿಂತ ಗಟ್ಟಿ. ಇದು ಯಾವ ಹೆಣಿಗೆ? ಅತ್ತೆ ಯಾಕೆ ಕಲಿಸಲಿಲ್ಲ? ಸೂಜಕ್ಕ ಉಂಡೆಗಟ್ಟಲೆ ದಾರ ಹೆಣೆದು ನೋಡಿದರೂ ಹೊಂದಲಿಲ್ಲ. ಉಳಿದದ್ದು ಒಂದೇ ದಾರಿ: ಬಿಚ್ಚುವುದು.

"ಅಮ್ಮನ ಕೈ ಅದು ಅತ್ತಿಗೆ. ಬಿಚ್ಚಿದ್ರೆ ಏನು ಉಳಿಯುತ್ತೆ?" ಎಂದು ಮೈದುನ ಮೊದಲು ಖಡಾಖಂಡಿತವಾಗಿ ಇಲ್ಲ ಅಂದ. ಆಕೆಯೂ ಒತ್ತಾಯ ಮಾಡಲಿಲ್ಲ, ಮಾಡುವ ಮನಸ್ಸೂ ಇರಲಿಲ್ಲ. ಆದರೆ ಅತ್ತಿಗೆಯ ಬೆಂಚು ಖಾಲಿಯಾಗುವ ದಿನ ಹತ್ತಿರ ಬರುವುದನ್ನು ಅವನೂ ಕಾಣುತ್ತಿದ್ದ. ಒಂದು ಬೆಳಿಗ್ಗೆ ಎಡಗೈಯದನ್ನು ಕಳಚಿ ಬೆಂಚಿನ ಮೇಲಿಟ್ಟು, "ಬಲಗೈದು ಕೇಳಬೇಡಿ" ಎಂದಷ್ಟೇ ಹೇಳಿ ಹೋದ.

ಮನೆಯ ಅಡುಗೆಕೋಣೆಯ ಕಿಟಕಿಯ ಕೆಳಗೆ ಕೂತು ಆಕೆ ಅದನ್ನು ಬಿಚ್ಚಿದರು. ಒಗ್ಗೂಡಿಹೋದ ಉಣ್ಣೆಯನ್ನು ಸೂಜಿ ಮೊನೆಯಲ್ಲಿ ಬಿಡಿಸುವುದು, ದಾರ ಹಿಂದಕ್ಕೆ ಎಳೆಯುವುದು, ಅದು ಎಲ್ಲೆಲ್ಲಿಂದ ಬಂತೆಂದು ಬಾಯಲ್ಲಿ ಹೇಳಿಕೊಳ್ಳುವುದು. ಹೆಣೆಯುವುದಕ್ಕಿಂತ ನಿಧಾನದ ಕೆಲಸ. ಅಂಗೈ ಶುರುವಾದಾಗ ಗುಟ್ಟು ಗೊತ್ತಾಯಿತು. ದಾರ ಮೂರಲ್ಲ, ನಾಲ್ಕು ಕುಣಿಕೆಗಳೊಳಗೆ ಹೋಗಿತ್ತು! ಅತ್ತೆ ಇದನ್ನು ಬಚ್ಚಿಟ್ಟರಲ್ಲ ಎಂದು ಒಂದು ಗಳಿಗೆ ಸಿಟ್ಟೂ ಬಂತಂತೆ. ಇನ್ನಷ್ಟು ಬಿಚ್ಚುವಾಗ ದಾರ ಗಕ್ಕನೆ ನಿಂತಿತು. ಒಳಮೈಯಲ್ಲಿ ಎಳ್ಳುಕಾಳಿನಷ್ಟು ಒಂದು ಗಂಟು.

ಗಂಟು ಎಂದರೆ ಇಲ್ಲಿ ಸಣ್ಣ ಮಾತಲ್ಲ. ಪ್ರತಿ ಸಲ ಇಡೀ ದಾರವನ್ನು ಎಳೆದು ತೆಗೆಯಬೇಕಾದ್ದರಿಂದ ಒಂದು ಮಾರಿಗಿಂತ ಉದ್ದದ ದಾರ ಇಟ್ಟುಕೊಳ್ಳುವಂತಿಲ್ಲ. ಮುಗಿದಾಗ ಎರಡು ತುದಿಗಳನ್ನು ಕೆದರಿ, ಉಗುಳು ಹಚ್ಚಿ, ಅಂಗೈಗಳ ನಡುವೆ ಉಜ್ಜಿದರೆ ಉಣ್ಣೆ ಬೆಸೆದು ಒಂದಾಗುತ್ತದೆ. ಅತ್ತೆ ಜನ್ಮದಲ್ಲಿ ಗಂಟು ಹಾಕಿದವರಲ್ಲ. ಹಾಗಾದರೆ ಹಾಕಿದವರು ಯಾರು?

"ನಾನೇ!" ಎನ್ನುತ್ತಾರೆ ಸೂಜಕ್ಕ, ಇವತ್ತಿಗೂ ಬೆರಗು ತೀರದವರಂತೆ. "ಹೊಸದಾಗಿ ಬಂದಾಗ ಉಗುಳು ಹಚ್ಚೋದು ಅಂದ್ರೆ ನಂಗೆ ವಾಕರಿಕೆ. ಥೂ, ಎಂಜಲು ಅಂತ. ಅತ್ತೆ ಕಣ್ಣು ತಪ್ಪಿಸಿ ಒಳಗಡೆ ಗಂಟು ಹಾಕ್ತಿದ್ದೆ. ಮೊದಲನೇ ಜೋಡಿ ಅದು. ಭಯಕ್ಕೆ ಲೆಕ್ಕ ತಪ್ಪಿ ಮೂರು ಹಿಡಿಯೋ ಕಡೆ ನಾಲ್ಕು ಹಿಡಿದಿದ್ದೆ. ಅತ್ತೆ ನೋಡಿ, ಇದೇನು ಕೈಗವಸೋ ಕಾಲೊರಸೋ ಅಂತ ಕಿತ್ಕೊಂಡು ಹೋದ್ರು. ಒಲೆಗೆ ಹಾಕಿದೆ ಅಂದ್ರು. ನಾನು ನಂಬಿದ್ದೆ."

ಕಿಟಕಿಯ ಕೆಳಗೆ ಆಕೆ ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು, ಆಮೇಲೆ ಅತ್ತರು. ಅದಾದ ಮೇಲೆ ಮೈದುನ ನೆನಪಾದ. ಅಮ್ಮನ ಕೈ ಎಂದು ಅಷ್ಟು ವರ್ಷ ಜೋಪಾನ ಮಾಡಿದವನಿಗೆ ಏನೆಂದು ಹೇಳುವುದು? ಮರುದಿನ ಬೆಳಿಗ್ಗೆ ಇದೇ ಬೆಂಚಿನಲ್ಲಿ, ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದರು. ಮೈದುನ ಬಲಗೈಯ ಗವಸನ್ನು ತೆಗೆದು, ಒಳಗೆ ಬೆರಳು ಹಾಕಿ ತಡಕಾಡಿ, ಗಂಟು ಸಿಕ್ಕಿದ ಮೇಲೆ ಮತ್ತೆ ತೊಟ್ಟುಕೊಂಡ.

"ಅಮ್ಮ ಕೊಟ್ಟಿದ್ದು ಅಮ್ಮಂದೇ ಅತ್ತಿಗೆ. ಆ ಇನ್ನೊಂದನ್ನ ಬೇಗ ಹೆಣೆದು ಮುಗಿಸಿ, ಎಡಗೈ ಮರಗಟ್ಟಿಹೋಗಿದೆ."

ಅದೇ ದಾರದಲ್ಲಿ ಹೆಣೆದುಕೊಟ್ಟರು. ಗಂಟುಗಳಿದ್ದ ಕಡೆ ಈಗ ಉಗುಳಿನ ಬೆಸುಗೆ. ಉಳಿದ ಹಮಾಲಿಗಳ ಗವಸುಗಳಿಗೂ ನಾಲ್ಕು ಕುಣಿಕೆಯ ಅಂಗೈ ಬಂದು ಒಂದು ಸೀಸನ್ ಕಳೆಯಿತು, ತೂತು ಬಿದ್ದಿಲ್ಲ. ಇವತ್ತು ರಿಪೇರಿಗೆ ಬಂದಿರುವುದು ಕೂಡ ಕೊಕ್ಕೆ ತಗುಲಿದ ಮಣಿಕಟ್ಟು. ಮ್ಯಾನೇಜರು ತರಿಸಿದ ರಬ್ಬರಿನ ಪೆಟ್ಟಿಗೆ ಒಡೆಯದೆ ಬೆಂಚಿನ ಕೆಳಗಿದೆ, ಸೂಜಕ್ಕ ಅದರ ಮೇಲೆ ಕಾಲಿಟ್ಟುಕೊಂಡು ಕೂರುತ್ತಾರೆ. ಒದ್ದೆ ನೆಲದ ಥಂಡಿ ತಾಗುವುದಿಲ್ಲವಂತೆ.

ಹಮಾಲಿಯ ಗವಸು ಮುಗಿಯುತ್ತದೆ. ಅವನು ಎರಡೂ ಕೈ ತಟ್ಟಿಕೊಂಡು ಲಾರಿಯತ್ತ ಓಡುತ್ತಾನೆ. ಅತ್ತೆಯ ಮೇಲೆ ಈಗಲೂ ಕೋಪವೇ ಎಂದು ಕೇಳಿದರೆ ಸೂಜಕ್ಕ ಸೂಜಿಗೆ ಹೊಸ ದಾರ ಪೋಣಿಸುತ್ತಾರೆ.

"ಒಂದೇ ಒಂದು ಸಲ ಚೆನ್ನಾಗಿದೆ ಅಂದಿದ್ರೆ ಅವರ ಗಂಟೇನು ಹೋಗ್ತಿತ್ತು? ಆ ಮಾತು ಕೇಳಬೇಕು ಅಂತ ಈಗ್ಲೂ ಆಸೆ ಇದೆ, ಸುಳ್ಳ್ಯಾಕೆ ಹೇಳ್ಲಿ." ಕುಣಿಕೆಯನ್ನು ಹೆಬ್ಬೆರಳಿಗೆ ಏರಿಸಿಕೊಳ್ಳುತ್ತಾರೆ. "ಆದ್ರೆ ನೀವೇ ಹೇಳಿ, ಕೆಟ್ಟದ್ದನ್ನ ಯಾರಾದ್ರೂ ಹೆತ್ತ ಮಗನ ಕೈಗೆ ಹಾಕ್ತಾರಾ?"