ಗುಂಡಿಗಳ ಅಡಿಯ ಕುಂಕುಮ

ಗಿರಿಜಾ, ನಮ್ಮ ನ್ಯಾಮತಿ ಶಾಲೆಯ ಮೊದಲ ಕಂಪ್ಯೂಟರನ್ನು ಕೆಡಿಸಿದವನು ನಾನು. ನೀನಲ್ಲ. ಅದು ಗೊತ್ತಿದ್ದೂ ನಿನ್ನ ಹೆಸರು ಹೇಳಿದವನು, ನಿನ್ನ ವಿಜ್ಞಾನದ ಮೇಷ್ಟ್ರು — ನಾನೇ.

ಎಂಬತ್ತರ ದಶಕ. ಟಿವಿಗೆ ತಂತಿ ಸಿಕ್ಕಿಸಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಂ ತುಂಬಿಸುವ ಯಂತ್ರ. ಅಕ್ಷರ ಒತ್ತುವ ಗುಂಡಿಗಳ ಪೆಟ್ಟಿಗೆಯೇ ಇಡೀ ಕಂಪ್ಯೂಟರ್. ಅದಕ್ಕೆ ನಾವು ಮಾಡಿದ ಮರ್ಯಾದೆಯೋ — ಕಿಟಕಿಗೆ ಪರದೆ ಕಟ್ಟಿದೆವು, ಚಪ್ಪಲಿ ಹೊರಗೆ ಬಿಡಿಸಿದೆವು, ಬೀಗ ಜಡಿದೆವು. ಮಕ್ಕಳು ಕಲಿಯಲೆಂದು ಬಂದದ್ದನ್ನು ಮಕ್ಕಳಿಂದಲೇ ಕಾಪಾಡಿದೆವು! ನೆನೆದರೆ ಮೈ ಉರಿಯುತ್ತದೆ. ಗೋವಿನಕೋವಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನೀನೊಬ್ಬಳು ಕಾಡಿ ಬೇಡಿ ಒಳಗೆ ಬಂದೆ, ಪ್ರೋಗ್ರಾಂ ಬರೆದು ಟಿವಿಯ ತೆರೆಯ ಮೇಲೆ ರಂಗೋಲಿ ಮೂಡಿಸಿದೆ.

ಆಯುಧಪೂಜೆಯ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಬಂದೆ. ನೋಡಿದವರು ಬೆರಗಾಗಲಿ ಎಂದು ಯಂತ್ರವನ್ನು ಚಾಲೂ ಮಾಡಿಯೇ ಪೂಜೆಗಿಟ್ಟೆ. ಮಾವಿನೆಲೆಯಿಂದ ಕುಂಕುಮದ ನೀರು ಚಿಮುಕಿಸಿದೆ — ಸಾಲದೆಂದು ಮತ್ತೆ ಮತ್ತೆ, ಭಕ್ತಿಯೋ, ಬಡಿವಾರವೋ... ಚಟ್ ಎಂದಿತು. ಸುಟ್ಟ ವಾಸನೆ. ಕರವಸ್ತ್ರದಿಂದ ಒರೆಸಿ, ಮೇಲೆ ಬಟ್ಟೆ ಹೊದಿಸಿ, ಏನೂ ತಿಳಿಯದವನಂತೆ ಬಾಗಿಲಲ್ಲಿ ನಿಂತೆ.

ಬಟ್ಟೆ ಸರಿಸಿದಾಗ ಯಂತ್ರ ಚಾಲೂ ಆಗದ್ದು ಕಂಡು ಹೆಡ್‌ಮಾಸ್ಟರು ಎಲ್ಲರೆದುರು ಗದರಿದರು: "ಯಾರ್ರೀ ಇದನ್ನ ಮುಟ್ಟಿದ್ದು?"

"ನಿನ್ನೆ ಸಂಜೆ ಗಿರಿಜಾ ಕುಂತಿದ್ಲು ಸರ್," ಎಂದೆ. ಮಾತು ಸುಳ್ಳಲ್ಲ ನೋಡು — ಅಷ್ಟು ಜಾಣ ನಾನು!

ನೀನು ನನ್ನ ಕಡೆ ತಿರುಗಿದೆ. "ನಾ ಹೋಗಾಗ ಚೆನ್ನಾಗೇ ಇತ್ತು. ನೀವೇ ಬೀಗ ಹಾಕಿದ್ರಿ. ಹೇಳ್ರಿ ಸರ್, ನಾನಲ್ಲ ಅಂತ ಹೇಳ್ರಿ..."

ನಾನು ಗೋಡೆ ನೋಡಿದೆ. ಕೆಟ್ಟ ಯಂತ್ರ ಮೂಲೆ ಸೇರಿತು. ಹೊಸದು ಬಂದ ಮೇಲೂ ಆ ಕೋಣೆಗೆ ಹೆಣ್ಣುಮಕ್ಕಳನ್ನು ಬಿಡಲಿಲ್ಲ. ನೀನು ನನ್ನ ತರಗತಿಯಲ್ಲಿ ಮತ್ತೆಂದೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಈಗ ಶಾಲೆಯವರು ಆ ಮೊದಲ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ. ಅದರ ಚರಿತ್ರೆ ಹೇಳಲು ನಿವೃತ್ತನಾದ ನನ್ನನ್ನೇ ಕರೆದಿದ್ದಾರೆ — ನನ್ನನ್ನು! ಕಳೆದ ವಾರ ಒರೆಸುವಾಗ ಈಗಿನ ಮೇಡಂ ಒಂದು ಗುಂಡಿ ಎಬ್ಬಿಸಿ ಕೇಳಿದರು: "ಒಳಗೆಲ್ಲ ಕೆಂಪಗೈತಲ್ರೀ ಸರ್, ಏನಿದು?"

"ತುಕ್ಕು," ಎಂದೆ.

ಇಷ್ಟು ವರ್ಷವಾದ ಮೇಲೂ, ಯಾರ ಭಯವೂ ಇಲ್ಲದಾಗಲೂ — ತುಕ್ಕು! ಥೂ, ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಈಗ ನೀನಿರುವ ಜಗಳೂರಿನ ಮನೆಗೆ ಬಂದು ಕ್ಷಮೆ ಕೇಳುವ ಮುಖ ನನಗಿಲ್ಲ. ನೀನು ಕ್ಷಮಿಸಲೂ ಬೇಡ. ಆದರೆ ನಿನ್ನ ಹೆಸರು ಕೆಡಿಸಿದ್ದು ಎಲ್ಲರೆದುರು. ಗಾಜು ಮುಚ್ಚುವ ಮೊದಲು, ಎಲ್ಲರೆದುರೇ, ಆ ಗುಂಡಿಗಳನ್ನು ನಾನೇ ಕೀಳುತ್ತೇನೆ. ಇದು ತುಕ್ಕಲ್ಲ, ಕುಂಕುಮ. ಹಾಕಿದವನು ನಾನು, ಗಿರಿಜಾ ಅಲ್ಲ — ಇಷ್ಟನ್ನೇ ಹೇಳಿ ವೇದಿಕೆಯಿಂದ ಕೆಳಗಿಳಿಯುತ್ತೇನೆ.